ಮುಖಕ್ಕ ಮಾತ್ರ ಬ್ಯಾಡ್ರಿ

ಹೊಡೆತ ತಿಂದವರು ಕೆನ್ನೆ ಹಿಡಿದುಕೊಳ್ಳುತ್ತಾರೆ. ನನಗೆ ಬಂದ ಕಾಯಿಲೆಯವರು ಕೆನ್ನೆಯ ಹತ್ತಿರ ಕೈ ತರುತ್ತಾರೆ, ಮುಟ್ಟುವುದಿಲ್ಲ. ಒಂದು ಬೆರಳಿನಷ್ಟು ಜಾಗ ಬಿಟ್ಟು ಕೈ ಅಲ್ಲೇ ನಿಂತುಬಿಡುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇಷ್ಟು ಗೊತ್ತಿದ್ದವರು ಯಾರಾದರೂ ಆಗ ನನಗೆ ಸಿಕ್ಕಿದ್ದರೆ ನನ್ನ ಎರಡು ಗಟ್ಟಿ ದವಡೆ ಹಲ್ಲು ಇವತ್ತೂ ಬಾಯಲ್ಲಿರುತ್ತಿದ್ದವು. ಹಲ್ಲು ಕೀಳಿಸಿದರೂ ನೋವು ಹೋಗದವರು ಯಾರಾದರೂ ಇದನ್ನು ಓದುತ್ತಿದ್ದರೆ, ಅವರಿಗಾಗಿಯೇ ಬರೆಯುತ್ತಿದ್ದೇನೆ.

ನಾನು ಸಿಂಧನೂರಿನವಳು. ಅವ್ವ ಅಕ್ಕಿ ಗಿರಣಿಯಲ್ಲಿ ಕಸ ಹೊಡೆದು, ತೌಡು ಜರಡಿ ಹಿಡಿದು ನನ್ನನ್ನು ಓದಿಸಿದಳು. ಅಪ್ಪ ಅದೇ ಗಿರಣಿಯಲ್ಲಿ ಹಮಾಲಿ. ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಹಾಕಿದವಳು ನಾನೇ ಮೊದಲು. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದೆ, ಮೇಲೆ ಬಿ.ಎಡ್. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಸುಮ್ಮನೆ ಸಿಕ್ಕಿದ್ದಲ್ಲ ಅದು. ನನ್ನ ಗಂಡ ಬಸವರಾಜ ಗದಗಿನವರು, ಮಸ್ಕತ್ತಿನ ಹತ್ತಿರ ರುಸೈಲ್‌ನ ಒಂದು ಕಾರ್ಖಾನೆಯಲ್ಲಿ ಇನ್‌ಸ್ಟ್ರುಮೆಂಟ್ ಟೆಕ್ನಿಶಿಯನ್. ಮನೆ ಅಲ್ ಅಮೇರಾತ್‌ನಲ್ಲಿ. ನಾನು ಇಲ್ಲಿನ ಒಂದು ಇಂಡಿಯನ್ ಸ್ಕೂಲಿನಲ್ಲಿ ಹನ್ನೊಂದು, ಹನ್ನೆರಡನೇ ಕ್ಲಾಸಿಗೆ ಕೆಮಿಸ್ಟ್ರಿ ಹೇಳಿಕೊಡುತ್ತೇನೆ. ಸಂಜೆ ಕನ್ನಡ ಕೂಟದ ಕಾರ್ಯಕ್ರಮವಿದ್ದರೆ ನಿರೂಪಣೆ ನನ್ನದೇ. ಮೈಕ್ ಕೆಟ್ಟರೂ ಕೊನೇ ಸಾಲಿನವರೆಗೆ ಕೇಳುವ ಗಂಟಲು ನನ್ನದು. ಮೈಬಣ್ಣಕ್ಕೋ ಊರಿಗೋ ಸಿಗದ ಮರ್ಯಾದೆ ನನಗೆ ನನ್ನ ಮಾತಿಗೆ ಸಿಕ್ಕಿತ್ತು. ಕಾಯಿಲೆ ನೇರ ಅಲ್ಲಿಗೇ ಹೊಡೆಯಿತು.

ಒಂದು ದಿನ ಬೆಳಿಗ್ಗೆ ಹಲ್ಲುಜ್ಜುತ್ತಿದ್ದೆ. ಎಡಗಡೆ ಬ್ರಷ್ ತಾಗಿದ್ದೇ ತಡ, ಯಾರೋ ಕಾದ ಸರಳನ್ನು ದವಡೆಯಿಂದ ಕಣ್ಣಿನವರೆಗೆ ತೂರಿ ತಿರುವಿದಂತಾಯಿತು. ಗೋಡೆಗೆ ಹೋಗಿ ಬಡಿದುಕೊಂಡೆ. ಹಣೆಗೆ ತಾಗಿದ್ದು ಆಮೇಲೆ ಗೊತ್ತಾಯಿತು. ಎರಡು ಉಸಿರು ಎಳೆಯುವಷ್ಟು ಹೊತ್ತು, ಅಷ್ಟೇ. ಮತ್ತೆ ಏನೂ ಇಲ್ಲ. ಕನ್ನಡಿಯಲ್ಲಿ ನೋಡಿದರೆ ಕೆನ್ನೆ ಎಂದಿನ ಹಾಗೇ ಇತ್ತು, ಊತವಿಲ್ಲ, ಕೆಂಪಿಲ್ಲ. ಆ ಖಾಲಿ ಕೆನ್ನೆಯೇ ಮುಂದೆ ನನಗೆ ದೊಡ್ಡ ವೈರಿಯಾಯಿತು. ತೋರಿಸುವುದಕ್ಕೆ ನನ್ನ ಹತ್ತಿರ ಏನೂ ಇರಲಿಲ್ಲ.

ಆಮೇಲೆ ದಿನಾ ಹೊಡೆಯತೊಡಗಿತು. ತುತ್ತು ಅಗಿದರೆ, ನೀರು ಕುಡಿದರೆ, ಏಸಿಯ ಗಾಳಿ ತಾಗಿದರೆ, ನಕ್ಕರೆ. ಎಲ್ಲಕ್ಕಿಂತ ಹೆಚ್ಚಾಗಿ, ಮಾತಾಡಿದರೆ. ‘ಪ’ ‘ಬ’ ‘ಮ’ ಬರುವ ಮಾತಿಗೆ ತುಟಿ ಕೂಡಿಸಬೇಕಲ್ಲ, ಆಗ ಬೀಳುತ್ತಿತ್ತು ಏಟು. ಕ್ಲಾಸಿನಲ್ಲಿ ‘ಬೆಂಜೀನ್’ ಎನ್ನಲು ಹೋಗಿ ಬೋರ್ಡಿಗೆ ಹಣೆಯಿಟ್ಟು ನಿಂತುಬಿಟ್ಟಿದ್ದೇನೆ. ಮುಂದಿನ ಬೆಂಚಿನ ಹುಡುಗಿ, “ಮ್ಯಾಮ್, ಆರ್ ಯೂ ಕ್ರೈಯಿಂಗ್?” ಅಂದಳು. ಹೌದು, ಕಣ್ಣಲ್ಲಿ ನೀರು ತಾನಾಗಿಯೇ ಸುರಿಯುತ್ತಿತ್ತು. ಈ ಮರುಭೂಮಿಯ ಊರಿನಲ್ಲಿ ಏಸಿ ಆರಿಸಿ ಬದುಕುವಂತಿಲ್ಲ. ಹಾಗಾಗಿ ದುಪ್ಪಟ್ಟಾವನ್ನು ಕಣ್ಣಷ್ಟೇ ಕಾಣುವ ಹಾಗೆ, ಚರ್ಮಕ್ಕೆ ತಾಗದಂತೆ ಸಡಿಲವಾಗಿ ಸುತ್ತಿಕೊಂಡು ಓಡಾಡುತ್ತಿದ್ದೆ. ತರಕಾರಿ ಅಂಗಡಿಯವರು ನನಗೆ ಸಲಾಂ ಹೇಳತೊಡಗಿದರು.

ಹಲ್ಲಿನ ಡಾಕ್ಟರು ಒಂದು ಹಲ್ಲು ಕಿತ್ತರು. ಕೈಯಲ್ಲಿ ಇಕ್ಕಳ, ನನ್ನ ಎದೆಯ ಮೇಲೆ ಅವರ ಮೊಣಕೈ. ಬೇರು ಮುರಿದು ಒಳಗೇ ಉಳಿಯಿತು, ಅದನ್ನು ಕೆದಕಿ ತೆಗೆದರು. ಮನೆಗೆ ಬಂದು ರಕ್ತ ಉಗಿಯುತ್ತಾ ಕುಳಿತಿದ್ದಾಗ ಅದೇ ಜಾಗಕ್ಕೆ ಮತ್ತೆ ಸಿಡಿಲು. ಇಲ್ಲದ ಹಲ್ಲು ನೋಯುವುದು ಹೇಗೆ ಅಂತ ಕೇಳಿದ್ದಕ್ಕೆ ಪಕ್ಕದ ಹಲ್ಲನ್ನೂ ಕಿತ್ತರು. ಆ ಸಂಜೆ ನನ್ನ ಬಾಯಿ ಒರೆಸಲು ಬಂದ ಬಸವರಾಜರ ಕೈಯನ್ನು ಕಚ್ಚಿಬಿಟ್ಟೆ. ಬೇಕಂತ ಅಲ್ಲ, ಏಟು ಬಿದ್ದಾಗ ಹಲ್ಲು ಕಚ್ಚಿಕೊಂಡವು, ನಡುವೆ ಅವರ ಕೈಯಿತ್ತು. ಹೊಲಿಗೆ ಹಾಕಿಸಬೇಕಾಯಿತು. ಕಾರ್ಖಾನೆಯಲ್ಲಿ ಜೊತೆಯವರು, “ಏನ್ ಭಾಯ್, ಮನೆಯಲ್ಲಿ ನಾಯಿ ಸಾಕಿದ್ದೀಯಾ?” ಅಂತ ನಕ್ಕರಂತೆ. ನಮ್ಮ ಮನೆಯಲ್ಲಿ ಆ ಇಡೀ ಕಾಲದಲ್ಲಿ ಮೈಮೇಲೆ ಗಾಯವಿದ್ದವರು ಅವರೊಬ್ಬರೇ.

ಇನ್ನೊಬ್ಬ ಹಿರಿಯ ಡಾಕ್ಟರಿಗೆ ತೋರಿಸಿದೆವು. ಕುರ್ಚಿಯಲ್ಲಿ ಕೂತವಳು ನಾನು, ಅವರು ಮಾತಾಡಿದ್ದು ಬಸವರಾಜರ ಜೊತೆ.

“ಎಷ್ಟು ವಯಸ್ಸು ಇವರಿಗೆ? ಮೂವತ್ಮೂರಾ? ಮಕ್ಕಳು?”

“ಇನ್ನೂ ಆಗಿಲ್ಲ ಸರ್.”

“ಅದೇ ನೋಡಿ. ಕೆಲಸದ ಟೆನ್ಷನ್ನು, ಮಕ್ಕಳಿಲ್ಲದ ಟೆನ್ಷನ್ನು. ಒಂದು ಡೆಲಿವರಿ ಆದ್ರೆ ಎಲ್ಲ ಸೆಟ್ ಆಗುತ್ತೆ.”

ಬಸವರಾಜ ತಮ್ಮ ಹೊಲಿಗೆ ಹಾಕಿದ ಕೈ ಮೇಜಿನ ಮೇಲಿಟ್ಟರು. “ಸರ್, ಇದು ಟೆನ್ಷನ್ ಅಲ್ಲ. ಇದು ಹಲ್ಲು.” ಡಾಕ್ಟರು ನಗಲಿಲ್ಲ. ನನಗೆ ನಗು ಬಂತು, ನಕ್ಕಿದ್ದಕ್ಕೆ ಏಟೂ ಬಿತ್ತು.

ಸ್ಕೂಲಿನ ವೈಸ್ ಪ್ರಿನ್ಸಿಪಾಲರು ಕರೆಸಿ, ಮಕ್ಕಳು ಹೆದರುತ್ತಿದ್ದಾರೆ, ಸ್ವಲ್ಪ ಕಾಲ ಲೈಬ್ರರಿಯಲ್ಲಿ ಕೂತಿರಿ ಅಂದರು. ಬೋರ್ಡ್ ಕ್ಲಾಸುಗಳನ್ನು ಬೇರೆಯವರಿಗೆ ಕೊಟ್ಟರು. ಸುಧಾರಿಸದಿದ್ದರೆ ಮುಂದಿನ ವರ್ಷದ ಕಾಂಟ್ರ್ಯಾಕ್ಟ್ ನೋಡೋಣ ಅಂತ ಸೇರಿಸಿದರು. ಅಲ್ಲಿಗೆ ನನಗೆ ಅರ್ಥವಾಯಿತು. ಮಾತು ಹೋದರೆ ಕೆಲಸ ಹೋಗುತ್ತದೆ. ಕೆಲಸ ಹೋದರೆ ನಾನು ಮತ್ತೆ ಗಿರಣಿಯವಳ ಮಗಳು, ಅಷ್ಟೇ.

ಅಂಥ ಒಂದು ಶುಕ್ರವಾರ ಅವ್ವನಿಗೆ ವಿಡಿಯೊ ಕಾಲ್ ಮಾಡಿದೆ. ದುಪ್ಪಟ್ಟಾ ಸುತ್ತಿಕೊಂಡೇ ಕೂತಿದ್ದೆ. ಅವಳು ನೋಡಿದಳು. ಏನಾಯಿತು ಅಂತ ಕೇಳಲಿಲ್ಲ.

“ಬಿಸಿ ಉಪ್ಪಿನ ಗಂಟು ಇಟ್ಕೊ,” ಅಂದಳು. “ಅರಿಷಿಣ ಹಚ್ಚಬ್ಯಾಡ, ಬಣ್ಣ ನಿಂದ್ರತೈತಿ, ಮಂದಿ ಕೇಳ್ತಾರ.”

“ಅವ್ವ, ಇದು ಹಲ್ಲಿಂದು...”

“ಹೂಂ, ಹಲ್ಲಿಂದ. ಮಾತಾಡಬ್ಯಾಡ ಸುಮ್ಕಿರು. ಅವರು ಉಣ್ಣೋ ಹೊತ್ತಿಗೆ ಏನೂ ಕೇಳಾಕ ಹೋಗಬ್ಯಾಡ. ಫೋನ್ ಅಳಿಯಾರ ಕೈಯಾಗ ಕೊಡು.”

ಕೊಟ್ಟೆ. ಅವ್ವ ತಲೆಯ ಮೇಲೆ ಸೆರಗು ಎಳೆದುಕೊಂಡಳು. ಗಿರಣಿ ಸಾಹುಕಾರರ ಮುಂದೆ ನಿಂತಾಗ ಬರುವ ಆ ಮೆತ್ತನೆ ದನಿಯಲ್ಲಿ ಹೇಳಿದಳು:

“ಅಳಿಯಾರ, ತಪ್ಪು ತಿಳಕೋಬ್ಯಾಡ್ರಿ. ಸಿಟ್ಟು ಬರ್ತೈತಿ, ಗಂಡಸ್ರಿಗೆ ಬರೋದ. ಮುಖಕ್ಕ ಮಾತ್ರ ಬ್ಯಾಡ್ರಿ. ಆಕಿ ಸಾಲ್ಯಾಗ ನಾಕು ಮಂದಿ ಮುಂದ ನಿಂದ್ರಾಕಿ.”

ಬಸವರಾಜರ ಮುಖದಿಂದ ರಕ್ತ ಇಳಿದುಹೋಯಿತು. “ಅತ್ತ್ಯಾರ, ನಾ ಆಕಿ ಮ್ಯಾಲೆ ಯಾವತ್ತೂ ಕೈ ಎತ್ತಿಲ್ರಿ.”

“ಹೌದ್ರಿ, ಹೌದ್ರಿ. ನಾ ಎಲ್ಲಿ ಹಂಗಂದೆ,” ಅಂದಳು ಅವ್ವ.

ಇದು ಅವಳು ಆ ಕ್ಷಣಕ್ಕೆ ಹುಟ್ಟಿಸಿಕೊಂಡ ಮಾತಲ್ಲ. ನಮ್ಮ ಓಣಿಯಲ್ಲಿ ಮಗಳನ್ನು ಗಂಡನ ಮನೆಗೆ ಕಳಿಸುವಾಗ ತಾಯಂದಿರು ಅಳಿಯನನ್ನು ಪಕ್ಕಕ್ಕೆ ಕರೆದು ಕೇಳಿಕೊಳ್ಳುತ್ತಿದ್ದದ್ದು ಅದೊಂದನ್ನೇ. ಹೊಡೀಬೇಡಿ ಅಂತ ಯಾರೂ ಕೇಳುತ್ತಿರಲಿಲ್ಲ, ಅದು ದುರಾಸೆ. ಬೆನ್ನಿಗೆ ಹೊಡೆಯುವವನನ್ನು ಅಲ್ಲಿ ತಿಳಿದ ಮನುಷ್ಯ ಅನ್ನುತ್ತಿದ್ದರು. ಅಪ್ಪ ತಿಳಿದ ಮನುಷ್ಯನಾಗಿರಲಿಲ್ಲ. ನಾನು ಪಾಠ ಓದುತ್ತಿದ್ದ ಕೋಣೆ, ಅವ್ವನನ್ನು ಅವನು ಹೊಡೆಯುತ್ತಿದ್ದ ಕೋಣೆ, ಎರಡೂ ಒಂದೇ, ಮನೆಯಲ್ಲಿದ್ದದ್ದೇ ಒಂದು. ಒಮ್ಮೆ ಕೂದಲು ಹಿಡಿದು ಒಲೆಯ ಅಂಚಿಗೆ ಅವಳ ಮುಖ ಕುಟ್ಟಿದ. ನಾನು ಆವರ್ತ ಕೋಷ್ಟಕವನ್ನು ಗಟ್ಟಿಯಾಗಿ ಬಾಯಿಪಾಠ ಹೇಳುತ್ತಲೇ ಇದ್ದೆ, ನಿಲ್ಲಿಸಿದರೆ ನನ್ನ ಕಡೆ ತಿರುಗುತ್ತಾನೆ ಅಂತ. ಬೆಳಿಗ್ಗೆ ಅವ್ವ ಉಪ್ಪಿನ ಗಂಟು ಒತ್ತಿಕೊಂಡು, ಸೆರಗು ಮುಚ್ಚಿ ಗಿರಣಿಗೆ ಹೋದಳು. ಸಾಹುಕಾರರ ಹೆಂಡತಿ, “ಏನು, ಮತ್ತೆ ಬಿದ್ಯಾ?” ಅಂದರು. “ಹೌದ್ರಿ, ಬಿದ್ದೆ,” ಅಂದಳು. ಅಪ್ಪ ತೀರಿಕೊಂಡ ಮೇಲೆ ಗೋಡೆಯ ಫೋಟೊಕ್ಕೆ ದಿನಾ ಹೂ ಇಡುತ್ತಾಳೆ. ಕೇಳಿದರೆ, ದೇವರಂಥ ಮನುಷ್ಯ, ಸ್ವಲ್ಪ ಸಿಟ್ಟು, ಅನ್ನುತ್ತಾಳೆ.

ಫೋನ್ ಇಟ್ಟ ಮೇಲೆ ಬಸವರಾಜ, “ನಾಳೆ ನರದ ಡಾಕ್ಟರಿಗೆ ತೋರಸೂಣು. ಏನಾದ್ರೂ ಆಗಲಿ,” ಅಂದರು.

ಮನೆಯ ಹತ್ತಿರದ ಪಾಲಿಕ್ಲಿನಿಕ್ಕಿಗೆ ನರರೋಗದ ಡಾಕ್ಟರು ಬಂದುಹೋಗುತ್ತಿದ್ದರು. ಅಲ್ಲಿನ ನರ್ಸ್ ಮಲಯಾಳಿ, ನನಗಿಂತ ಚಿಕ್ಕವಳು. ನನ್ನ ದುಪ್ಪಟ್ಟಾ ನೋಡಿದಳು, ಬಸವರಾಜರ ಕೈ ನೋಡಿದಳು. “ಸರ್, ನೀವು ಹೊರಗೆ ಕೂತಿರಿ,” ಅಂತ ಹಿಂದಿಯಲ್ಲಿ ಹೇಳಿ, ಬಾಗಿಲು ಹಾಕಿ, ನನ್ನ ಮೊಣಕಾಲಿನ ಹತ್ತಿರ ಬಗ್ಗಿ ಕೇಳಿದಳು, “ಮನೆಯಲ್ಲಿ ಯಾರಾದರೂ ಹೊಡೀತಾರಾ, ಮ್ಯಾಡಂ? ನನ್ನ ಹತ್ತಿರ ಹೇಳಬಹುದು.”

ಮೊದಲು ಮೈ ಉರಿಯಿತು. ನನಗೆ? ಎಂ.ಎಸ್ಸಿ. ಮಾಡಿದವಳಿಗೆ? ಮರುಗಳಿಗೆ ಅಳು ಒತ್ತಿಕೊಂಡು ಬಂತು. ಅವ್ವನ ಇಡೀ ಆಯುಷ್ಯದಲ್ಲಿ ಒಬ್ಬರೂ ಬಾಗಿಲು ಹಾಕಿ ಹೀಗೆ ಕೇಳಿರಲಿಲ್ಲ. ಬೇಕಾಗಿದ್ದವಳಿಗೆ ಸಿಗದ ಪ್ರಶ್ನೆ ನನಗೆ ಸಿಕ್ಕಿತ್ತು. “ಇಲ್ಲ ಸಿಸ್ಟರ್,” ಅಂದೆ. “ಹೊಡೀತಿರೋದು ಒಳಗಿಂದ.”

ಡಾಕ್ಟರು ಹತ್ತಿಯ ಎಳೆಯೊಂದನ್ನು ನನ್ನ ಮೇಲ್ತುಟಿಯ ಹತ್ತಿರ ತಂದರು. ನಾನು ಕುರ್ಚಿಯ ಸಮೇತ ಹಿಂದೆ ಬಿದ್ದೆ. “ಟ್ರೈಜೆಮಿನಲ್ ನ್ಯೂರಾಲ್ಜಿಯಾ,” ಅಂದರು. ಮುಖದ ನರದ ಕಾಯಿಲೆ. “ನಿಮ್ಮ ವಯಸ್ಸಿಗೆ ಅಪರೂಪ. ಅದಕ್ಕೇ ಯಾರಿಗೂ ಹೊಳೆದಿಲ್ಲ.” ಅಂದರೆ ಅರವತ್ತು ದಾಟಿದ್ದರೆ ನಂಬುತ್ತಿದ್ದರು. ಗಂಡಸಾಗಿದ್ದರೆ ಪ್ರಾಯಶಃ ಇನ್ನೂ ಮೊದಲೇ. ಹೆಸರು ಸಿಕ್ಕಿದ್ದಕ್ಕೆ ನಾನು ಡಾಕ್ಟರ ಕೈ ಹಿಡಿದು ಅತ್ತೆ. ಹೆಸರಿಲ್ಲದೆ ಹೊಡೆಸಿಕೊಳ್ಳುವುದು ಬೇರೆಯದೇ ಹಿಂಸೆ.

ಮಾತ್ರೆಯಿಂದ ಏಟುಗಳು ಕಡಿಮೆಯಾದವು, ನಿಲ್ಲಲಿಲ್ಲ. ರಕ್ತಪರೀಕ್ಷೆಗೆಂದು ಆಗಾಗ ಪಾಲಿಕ್ಲಿನಿಕ್ಕಿಗೆ ಹೋಗಬೇಕಿತ್ತು. ಹಾಗೆ ಹೋದ ಒಂದು ದಿನ ಎದುರಿನ ಕುರ್ಚಿಯಲ್ಲಿ ಒಬ್ಬ ಹೆಂಗಸು ಕೂತಿದ್ದಳು. ಬೇರಿನಲ್ಲಿ ಬೆಳ್ಳಗಾದ ಕೂದಲು, ತುದಿಗೆ ಮಾತ್ರ ಕಪ್ಪು ಬಣ್ಣ. ಎಡಗೈ ಕೆನ್ನೆಯಿಂದ ಒಂದು ಬೆರಳು ದೂರ.

ಪಕ್ಕದಲ್ಲಿದ್ದವರು ನನ್ನನ್ನು ಗುರುತಿಸಿದರು. ಕನ್ನಡ ಕೂಟದ ಪದಾಧಿಕಾರಿ ಮೇಡಂ. “ಓ ರೇಣುಕಾ, ಹೇಗಿದೀರಾ? ರಾಜ್ಯೋತ್ಸವಕ್ಕೆ ನಿರೂಪಣೆ ನಿಮ್ಮದೇ ಮತ್ತೆ. ಇವಳು ನಮ್ಮನೆ ಕೆಲಸದ ನಾಗಮ್ಮ. ಹಲ್ಲುನೋವಂತೆ. ಎರಡು ಕೀಳಿಸಿದ್ದಾಯ್ತು, ಇವತ್ತು ಮೂರನೇದು. ನಾಟಕ ಅನ್ಸುತ್ತೆ ನನಗೆ, ಊರಿಗೆ ಹೋಗೋಕೆ.” ಅಷ್ಟರಲ್ಲಿ ಫೋನ್ ಬಂತು, ಎದ್ದು ಹೊರಗೆ ಹೋದರು.

“ಯಾವೂರವ್ವ?” ಅಂತ ಕೇಳಿದೆ.

“ಆದವಾನಿ ಕಡೆ.” ನಮ್ಮೂರಿನಿಂದ ತುಂಗಭದ್ರೆ ದಾಟಿದರೆ ಅವಳೂರು. ನನ್ನ ಮಾತು ಕೇಳಿ ಅವಳ ಕಣ್ಣು ಅರಳಿದವು.

“ವಯಸ್ಸೆಷ್ಟು?”

“ನಿಜ ಹೇಳ್ಲೇನು, ಪಾಸ್‌ಪೋರ್ಟ್ ಹೇಳ್ಲೇನು? ಐವತ್ತು ದಾಟಿದೋರು ಬ್ಯಾಡ ಅಂತ ಏಜೆಂಟ ಹನ್ನೆರಡು ವರ್ಷ ತೆಗೆದ. ಅದರ ಲೆಕ್ಕ ಹಿಡಿದ್ರ, ನನ್ನ ದೊಡ್ಡ ಮಗಳನ್ನ ಹಡದಾಗ ನಂಗ ಆರು ವರ್ಷ.” ನಗಲು ಹೋದವಳು ನಡುವೆಯೇ ನಿಂತಳು. ಕಣ್ಣು ಬಿಗಿ ಮುಚ್ಚಿದಳು. ಕತ್ತಿನ ನರ ಹಗ್ಗದ ಹಾಗೆ ಎದ್ದವು. ಎರಡು ಉಸಿರಿನಷ್ಟು ಹೊತ್ತು. ನನ್ನ ಎಡಗೆನ್ನೆ ಸುಮ್ಮಸುಮ್ಮನೆ ಜುಮ್ಮೆಂದಿತು. ಇನ್ನೊಬ್ಬರ ಮುಖದಲ್ಲಿ ಅದನ್ನು ನಾನು ನೋಡಿದ್ದು ಅದೇ ಮೊದಲು.

“ಕೆನ್ನಿ ಮ್ಯಾಲೆ ಬೆರಳಿನ ಗುರುತೈತಲ್ಲ?” ಅಂದೆ.

“ಮೊನ್ನಿ ಪಾಪುಗೆ ಉಣಿಸ್ತಿದ್ದೆ. ಮೇಡಂ ಏನೋ ಕೇಳಿದ್ರು. ಅದೇ ಹೊತ್ತಿಗೆ ಇದು ಬಂತು, ಬಾಯಿ ತೆಗಿಯಾಕ ಆಗ್ಲಿಲ್ಲ. ಕೇಳಿದ್ರ ಉತ್ತರಾ ಕೊಡಲ್ಲೇನು ಅಂತ ಹೊಡದ್ರು.”

“ಅದೇ ಕೆನ್ನಿಗೆ?”

“ಅದೇ ಕೆನ್ನಿಗೆ.”

“ಆಮ್ಯಾಲೆ?”

“ಆಮ್ಯಾಲೆ ಗೊತ್ತಿಲ್ಲ. ಕಣ್ಣು ಬಿಟ್ಟಾಗ ನೆಲದ ಮ್ಯಾಲಿದ್ದೆ, ಅನ್ನಾನೂ ನೆಲದ ಮ್ಯಾಲಿತ್ತು. ಎದ್ದು ಒರಸಿದೆ.”

ಹತ್ತಿಯ ಎಳೆ ತಾಗಿದ್ದಕ್ಕೆ ನಾನು ಕುರ್ಚಿ ಸಮೇತ ಬಿದ್ದಿದ್ದೆ. ಅಲ್ಲಿಗೆ ಅಂಗೈ ಬಿದ್ದರೆ ಏನಾಗುತ್ತದೆ ಅಂತ ನಾನು ಯಾರಿಗೂ ವಿವರಿಸಲಾರೆ.

ನಾಗಮ್ಮನ ಹೆಸರು ಕರೆದರು. ಮೇಡಂ ಫೋನ್ ಮುಗಿಸಿ ಬಂದು ಅವಳ ಜೊತೆಗೇ ಹಲ್ಲಿನ ಡಾಕ್ಟರ ಬಾಗಿಲಿಗೆ ನಡೆದರು. ಒಳಗಿಂದ, ಯಾವ ಹಲ್ಲು ಅಂತ ಕೇಳಿದ್ದಕ್ಕೆ ಮೇಡಂ ಉತ್ತರ ಕೊಟ್ಟರು. ಕೆನ್ನೆ ಯಾಕೆ ಹೀಗಿದೆ ಅಂದಿದ್ದಕ್ಕೂ ಅವರೇ: “ಬಾತ್‌ರೂಮಲ್ಲಿ ಬಿದ್ದಳು.” ಗಿರಣಿ ಸಾಹುಕಾರರ ಹೆಂಡತಿಯ ದನಿ ಇಷ್ಟು ವರ್ಷಗಳ ಮೇಲೆ ಸಮುದ್ರ ದಾಟಿ ಬಂದು ನನ್ನ ಕಿವಿಗೆ ಬಿತ್ತು.

ಎದ್ದೆ. ಮಾತಾಡಿದರೆ ಬೀಳುತ್ತದೆ ಅಂತ ಗೊತ್ತಿತ್ತು.

“ಅದು ಹಲ್ಲಲ್ಲ,” ಅಂದೆ. ಬಿತ್ತು. ಬಾಗಿಲ ಚೌಕಟ್ಟು ಹಿಡಿದುಕೊಂಡೆ. “ಕೀಳಬೇಡಿ.” ಮತ್ತೊಂದು ಬಿತ್ತು.

ಮೇಡಂ ತಿರುಗಿದರು. “ರೇಣುಕಾ, ನೀವು ಟೀಚರ್ ಅಲ್ವಾ? ಡಾಕ್ಟರ್ ಯಾವಾಗ ಆದ್ರಿ?”

ದುಪ್ಪಟ್ಟಾ ಸರಿಸಿ ಬಾಯಿ ಅಗಲಿಸಿದೆ, ಖಾಲಿ ಒಸಡು ತೋರಿಸಿದೆ. “ಎರಡು ಕೀಳಿಸಿಕೊಂಡವಳು ನಾನು. ಇವರದು ನರದ ಕಾಯಿಲೆ, ನನ್ನದೇ. ಇನ್ನೊಂದು ಮಾತು ಮೇಡಂ. ಇವರ ಕೆನ್ನೆಗೆ ಹೊಡೀಬೇಡಿ.”

ನನಗೆ ನನ್ನ ಮಾತೇ ಕೇಳಿಸಿತು. ಅವ್ವನ ಮಾತು ಅದು, ಅಕ್ಷರ ಅಷ್ಟೇ ಬೇರೆ. ಅಷ್ಟು ಓದಿಯೂ ಬಾಯಿ ತೆರೆದರೆ ಬಂದದ್ದು ಅದೇ ಬೇಡಿಕೆ. ಉಸಿರು ಎಳೆದುಕೊಂಡೆ.

“ಕೆನ್ನೆಗೆ ಅಂತಲ್ಲ. ಎಲ್ಲಿಗೂ ಹೊಡೀಬೇಡಿ. ಹೊಡೆಯೋ ಹಾಗಿಲ್ಲ ನೀವು.”

ಗದ್ದಲಕ್ಕೆ ಆ ಮಲಯಾಳಿ ನರ್ಸ್ ಬಂದಿದ್ದಳು. ಅವಳಿಗೆ ಕನ್ನಡ ಬರುವುದಿಲ್ಲ, ಆದರೆ ನನ್ನನ್ನು ನೋಡಿದಳು, ನಾಗಮ್ಮನ ಕೆನ್ನೆ ನೋಡಿದಳು, ಅಲ್ಲೇ ಗಾಳಿಯಲ್ಲಿ ನಿಂತ ಕೈ ನೋಡಿದಳು. ನಾಗಮ್ಮನ ಹೆಗಲು ಹಿಡಿದು ಪಕ್ಕದ ಕೋಣೆಗೆ ಕರೆದೊಯ್ದಳು. ಹಿಂದೆಯೇ ಹೊರಟ ಮೇಡಂಗೆ, “ಮ್ಯಾಡಂ, ನೀವು ಹೊರಗೆ ಕೂತಿರಿ,” ಅಂತ ಹೇಳಿ ಬಾಗಿಲು ಹಾಕಿದಳು.

ಒಳಗೆ ಏನು ಮಾತಾಯಿತೋ ಗೊತ್ತಿಲ್ಲ. ಮೂರನೇ ಹಲ್ಲು ಉಳಿಯಿತು, ನಾಗಮ್ಮನಿಗೂ ನನ್ನದೇ ಮಾತ್ರೆ ಸಿಕ್ಕಿತು. ಸ್ವಲ್ಪ ದಿನಕ್ಕೆ ಊರಿಗೆ ಹೋದಳು. ಅಲ್ಲಿಂದ ಒಂದು ವಾಯ್ಸ್ ಮೆಸೇಜ್ ಬಂತು. ಮಾತಿಲ್ಲ, ಬರೀ ಸಪ್ಪಳ. ಖಡಕ್ ರೊಟ್ಟಿ ಮುರಿದು ಕಟುಂ ಕಟುಂ ಅಗಿಯುವ ಸಪ್ಪಳ. ಕೊನೆಗೆ, “ಕೇಳಿಸ್ತೇನು ಟೀಚರಮ್ಮ?” ರಾಜ್ಯೋತ್ಸವದ ನಿರೂಪಣೆ ಬೇರೊಬ್ಬರಿಗೆ ಹೋಯಿತು. ನಾನು ಮನೆಯಲ್ಲಿ ಕೂತು ಆ ರೊಟ್ಟಿಯ ಸಪ್ಪಳವನ್ನು ಮತ್ತೆ ಮತ್ತೆ ಕೇಳಿದೆ.

ನನ್ನ ಮಾತ್ರೆಯ ಪ್ರಮಾಣ ಏರುತ್ತಾ ಹೋಯಿತು. ತಲೆ ಮಂಜು, ಒಂದು ಎರಡಾಗಿ ಕಾಣುವುದು, ಸೋಡಿಯಂ ಅಂತ ಹೇಳಲು ಹೋದರೆ ಹೆಸರೇ ನೆನಪಾಗದು. ಕೊನೆಗೆ ಆಪರೇಷನ್‌ಗೆ ಒಪ್ಪಿದೆ. ಕಿವಿಯ ಹಿಂದೆ ಬುರುಡೆ ಕೊರೆಯುತ್ತಾರೆ. ಕಿವಿ ಕಿವುಡಾಗಬಹುದು, ಮುಖ ಸೊಟ್ಟಗಾಗಬಹುದು ಅಂದರು. ಮಾತು ಉಳಿಯುತ್ತದಾ ಅಂತ ಒಂದೇ ಕೇಳಿದೆ. ಪ್ರಯತ್ನ ಮಾಡೋಣ ಅಂದರು.

ಅವ್ವ ಮೊದಲ ಸಲ ವಿಮಾನ ಹತ್ತಿ ಬಂದಳು. ಮಸ್ಕತ್ತಿನ ಆಸ್ಪತ್ರೆಯಲ್ಲಿ ಎಚ್ಚರಾದಾಗ ನನ್ನ ತಲೆಗೆ ಬ್ಯಾಂಡೇಜು, ಬಾಯಲ್ಲಿ ವಾಂತಿ, ಕುತ್ತಿಗೆ ಯಾರೋ ತುಳಿದ ಹಾಗೆ. ಅವ್ವ ಹಾಸಿಗೆಯ ಪಕ್ಕದಲ್ಲಿ ನನಗೂ ಬಸವರಾಜರಿಗೂ ನಡುವೆ ಕುರ್ಚಿ ಹಾಕಿಕೊಂಡು ಕೂತಿದ್ದಳು. ಅವರು ನೀರು ಕೊಡಲು ಕೈ ಚಾಚಿದರೆ ಅವಳ ಕಣ್ಣು ಆ ಕೈಯ ಹಿಂದೆಯೇ ಹೋಗುತ್ತಿತ್ತು. ನಾನು ಅಂದೆ, “ಬಸವರಾಜ.” ‘ಬ’ದಿಂದ ಶುರುವಾಗುವ ಹೆಸರು. ಕಾದೆ. ಏನೂ ಬೀಳಲಿಲ್ಲ. ಮತ್ತೆ ಅಂದೆ. ಅವರು ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡರು.

ಈಗ ಎಡಗೆನ್ನೆಯೂ ತುಟಿಯ ಅಂಚೂ ಮರಗಟ್ಟಿವೆ, ಅನ್ನದ ಅಗುಳು ಅಂಟಿದರೂ ಗೊತ್ತಾಗುವುದಿಲ್ಲ. ಮಕ್ಕಳು ಮುಂದಿನ ಬೆಂಚಿನಿಂದ ಸನ್ನೆ ಮಾಡುತ್ತಾರೆ, ಒರೆಸಿಕೊಂಡು ಪಾಠ ಮುಂದುವರಿಸುತ್ತೇನೆ. ನನ್ನ ಬೋರ್ಡ್ ಕ್ಲಾಸು ನನಗೆ ವಾಪಸು ಬಂದಿದೆ. ನಾನೇ ಹೋಗಿ ಕೇಳಿ ಪಡೆದೆ.

ಅವ್ವ ಊರಿಗೆ ಹೊರಡುವ ಮುನ್ನಾದಿನ ಬೆಳಿಗ್ಗೆ, ಬಸವರಾಜ ಡ್ಯೂಟಿಗೆ ಹೋಗುವ ಮೊದಲು ಪಾತ್ರೆ ತೊಳೆದಿಡುತ್ತಿದ್ದರು. ಅವರು ಅಡುಗೆಮನೆಯಲ್ಲಿದ್ದಷ್ಟು ಹೊತ್ತೂ ಅವ್ವನಿಗೆ ಕೂತಲ್ಲಿ ಕೂರಲಾಗದು. ಅವರು ಹೋಗಿ ಬಾಗಿಲು ಹಾಕಿದ ಮೇಲೆ ನನ್ನ ಕಿವಿಯ ಹಿಂದಿನ ಹೊಲಿಗೆ ಗುರುತು ನೋಡುತ್ತಾ ಕೇಳಿದಳು, “ಡಾಕ್ಟ್ರು ಏನಂದ್ರು, ಇನ್ನೊಮ್ಮಿ ಹೇಳು.”

“ಒಳಗ ಒಂದು ರಕ್ತದ ನಾಳ ನರಕ್ಕ ಬಡೀತಿತ್ತವ್ವ. ಎದಿ ಬಡಿದಂಗೆಲ್ಲ ಅದೂ ಬಡೀತಿತ್ತು. ಈಗ ನಡುವ ಸಣ್ಣ ಗಾದಿ ಹಂಗ ಏನೋ ಇಟ್ಟಾರ.”

“ಅಂದ್ರ ಅಳಿಯಾರು...”

“ಇಲ್ಲವ್ವ. ಒಮ್ಮೆನೂ ಇಲ್ಲ.”

ಅವ್ವ ನನ್ನ ಮರಗಟ್ಟಿದ ಕೆನ್ನೆಗೆ ಕೈ ಇಟ್ಟಳು. ಆಮೇಲೆ ಅದೇ ಕೈಯನ್ನು ತೆಗೆದು ತನ್ನ ಎಡಗೆನ್ನೆಯ ಮೇಲೆ, ಪೂರ್ತಿ ಅಂಗೈ ಒತ್ತಿ ಇಟ್ಟುಕೊಂಡಳು.

“ನಂಗ ನರ ಗಿರ ಏನೂ ಇರಲಿಲ್ಲ, ರೇಣವ್ವ,” ಅಂದಳು. “ನಿಮ್ಮಪ್ಪ ಇದ್ದ.”